ಪ್ಲಾಸ್ಟಿಕ್ ಕವರಿನ ರಿಪೋರ್ಟು

ನವೆಂಬರ್ ೧೮, ಮಂಗಳವಾರ

ಊಟ ಸೇರಲಿಲ್ಲ. ಆ ಮನುಷ್ಯನ ನಗು ಕಣ್ಣೆದುರಿನಿಂದ ಹೋಗುತ್ತಿಲ್ಲ.

ಹೆಸರು ಇಲ್ಲೂ ಬರೆಯಬಾರದು. ಇಲ್ಲೇ ಖರಾಡಿ ಬಡಾವಣೆಯಲ್ಲಿ ಪೇಂಟಿನ ಅಂಗಡಿ, ನಮ್ಮ ವಿಜಯಪುರದ ಕಡೆಯವನು. ಮೂರು ವರ್ಷದಿಂದ ಆರು ತಿಂಗಳಿಗೊಮ್ಮೆ ತಪ್ಪದೆ ನಮ್ಮ ಸೆಂಟರಿಗೆ ಎಚ್‌ಐವಿ ಪರೀಕ್ಷೆಗೆ ಬರುತ್ತಾನೆ. ಎಷ್ಟು ಜವಾಬ್ದಾರಿಯ ಮನುಷ್ಯ ನೋಡು ಎಂದು ಹೊಸ ಕೌನ್ಸೆಲರ್ ಮಾಧುರಿಯೆದುರು ನಾನೇ ಹೊಗಳಿದ್ದೆ. ಥೂ.

ಇವತ್ತು ಫಾರ್ಮ್ ತುಂಬುವಾಗ ಕಾಂಡೋಮ್ ಬಳಸುತ್ತೀರಾ ಎಂದು ಕೇಳಿದೆ. ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದ. ಒಳಗೆ ಹೋದ ಸಲದ ನೆಗೆಟಿವ್ ರಿಪೋರ್ಟು, ಕೆಳಗೆ ನನ್ನ ಸಹಿ.

“ಅದ್ಯಾಕ ಬೇಕ್ರೀ ಅಕ್ಕಾರ? ಹೆಣ್ಮಕ್ಕಳಿಗೆ ಇದನ್ನ ತೋರಿಸಿದ್ರ ಸಾಕು, ಯಾರೂ ಹಟ ಮಾಡೂದಿಲ್ಲ.”

“ಇದು ಬಂದ ಮ್ಯಾಲೆ ನಿಮಗ ರೋಗ ಹತ್ತಿದ್ರ ಈ ಹಾಳ್ಯಾಗ ಕಾಣತದೇನ್ರೀ?” ಎಂದೆ.

“ಅದಕ್ಕ ಮತ್ತ ಬಂದೀನಲ್ರೀ” ಎಂದು ನಕ್ಕ.

ಇವತ್ತಿನದೂ ನೆಗೆಟಿವ್. ಕೊಡದೆ ಇರುವಂತಿಲ್ಲ. ರಿಪೋರ್ಟು ಮುಂದಿಟ್ಟಾಗ, “ಹೋದ ಸಲ ಶಿಕ್ಕಾ ಮಸುಕಾಗಿತ್ರೀ” ಎಂದ.

ಮಾಧುರಿ ನೋಡುತ್ತಿದ್ದಳು. ಸೀಲನ್ನು ಪ್ಯಾಡಿಗೆ ಎರಡು ಸಲ ಅದ್ದಿ ಒತ್ತಿದೆ. ಒಂದೊಂದು ಅಕ್ಷರವೂ ಚೆನ್ನಾಗಿ ಮೂಡಿತು.