ಮಾಗಡಿ ಕೆರೆಯ ಏರಿಯ ಕೆಳಗೆ

ಗದಗ, ಮಾಗಿಯ ಎರಡನೆಯ ತಂಪುವಾರ, ಕ್ರಿಸ್ತಶಕ ೨೨೦೩

ನನಗಿಂತ ನೂರೆಂಬತ್ತು ವರ್ಷ ಮೊದಲು ಇದೇ ನೆಲದ ಮೇಲೆ ಓಡಾಡುತ್ತಿರುವವರಿಗೆ ಚನ್ನಗಂಗಾ ಹೊಂಬಳ ಮಾಡುವ ಶರಣು.

ಮೇಲಿನ ತಾರೀಖು ನೋಡಿ ನೀವು ನಕ್ಕರೆ ನಾನು ಬೇಸರಿಸುವುದಿಲ್ಲ. ನಿಮ್ಮ ಕಾಲದ ಬರವಣಿಗೆಯನ್ನು ನಾವು ಶಾಲೆಯಲ್ಲಿ ಕಲಿಯುತ್ತೇವೆ, ಆದ್ದರಿಂದ ವ್ಯಾಕರಣ ಅಷ್ಟಾಗಿ ತಪ್ಪಲಾರದು. ಆದರೆ ನಡುವೆ ಬಂದು ಸೇರಿದ ಕೆಲವು ಮಾತುಗಳನ್ನು ಬಿಟ್ಟು ಬರೆಯಲು ನನಗೆ ಬಾರದು. ತಂಪುವಾರ ಎಂಬುದೇ ಅಂಥದೊಂದು. ವರ್ಷದಲ್ಲಿ ಕೆಲವೇ ವಾರ ಇಲ್ಲಿ ಹಗಲು ಹೊರಗೆ ತಿರುಗಾಡುವಷ್ಟು ತಣ್ಣಗಿರುತ್ತದೆ, ಅವೇ ತಂಪುವಾರಗಳು. ಉಳಿದ ದಿನಗಳಲ್ಲಿ ಬೆಳಗಿನ ಊಟವಾದ ಮೇಲೆ ಗಂಟೆ ಬಾರಿಸುತ್ತಾರೆ. ಅಲ್ಲಿಂದ ಸಂಜೆಯವರೆಗೆ ಒಳಹೊತ್ತು, ಯಾರೂ ಬಾಗಿಲು ತೆರೆಯುವಂತಿಲ್ಲ. ಒಳಹೊತ್ತಿನಲ್ಲಿ ನಾವು ನೂಲುತ್ತೇವೆ, ಮಕ್ಕಳಿಗೆ ಪಾಠ ಹೇಳುತ್ತೇವೆ, ನಿದ್ದೆ ಮಾಡುತ್ತೇವೆ, ನಿಮ್ಮ ಕಾಲದ ಚಿತ್ರಗಳನ್ನು ನೋಡುತ್ತೇವೆ. ನೀವು ಗೆಳೆಯರ ಗುಂಪು ಕಟ್ಟಿಕೊಂಡು, ಬಂಡಿಯ ತುಂಬ ತಿಂಡಿ ಹೇರಿಕೊಂಡು, ಮನಸ್ಸಿಗೆ ಬಂದ ಕಡೆ ಹೋಗುವುದನ್ನು ನೋಡುವುದೆಂದರೆ ನನಗೆ ಚಿಕ್ಕಂದಿನಿಂದ ಇಷ್ಟ. ಕೆರೆಯ ಮುಂದೆ ನಿಂತು, ಕೆರೆಗೆ ಬೆನ್ನು ಮಾಡಿ, ನೀವು ನಿಮ್ಮ ಚಿತ್ರವನ್ನೇ ತೆಗೆದುಕೊಳ್ಳುತ್ತೀರಿ. ಅದನ್ನು ತಮಾಷೆಗೆ ಹೇಳಿದೆ. ನಾವಾಗಿದ್ದರೂ ಹಾಗೇ ಮಾಡುತ್ತಿದ್ದೆವು.

ಗುಂಪಾಗಿ ಹೋಗುವುದು ನಮ್ಮಲ್ಲೂ ಉಂಟು. ಅದಕ್ಕೆ ಸುತ್ತು ಎನ್ನುತ್ತೇವೆ. ತಂಪುವಾರದಲ್ಲಿ ದಾರಿಗಳನ್ನು ತೆರೆದಾಗ ಬಿಸಿಲುಬಂಡಿಗಳಲ್ಲಿ, ಎಂದರೆ ಮಾಡಿನ ಮೇಲೆ ಬಿದ್ದ ಬಿಸಿಲನ್ನೇ ಉಂಡು ಓಡುವ ಬಂಡಿಗಳಲ್ಲಿ, ಜನ ಉಳಿದಿರುವ ನೀರು, ಉಳಿದಿರುವ ಕಾಡು ನೋಡಲು ಹೊರಡುತ್ತಾರೆ. ನಾನು ಇಂದು ಹೇಳಬೇಕೆಂದಿರುವುದು ನನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಹೋದ ಸುತ್ತಿನ ಮಾತು. ಐದು ಜನ ಹೋಗಿದ್ದೆವು. ನಮ್ಮ ಓಣಿಯ ಮಾಸ್ತರ ನೇಮಿನಾಥ, ಅವರ ಹೆಂಡತಿ ಪದ್ಮಾವತಿ, ಬಂಡಿಯ ಒಡೆಯನೂ ಚಾಲಕನೂ ಆದ ಮೌಲಾಸಾಬ, ನಾನು, ಮತ್ತು ನನ್ನ ಸೋದರತ್ತೆ ದ್ರಾಕ್ಷಾಯಣಿ. ಅತ್ತೆಗೆ ಆಗ ಎಪ್ಪತ್ತು ದಾಟಿತ್ತು. ನನ್ನನ್ನು ಸಾಕಿದವಳು ಅವಳೇ.

ಅತ್ತೆಯ ತವರು ಶಿರಹಟ್ಟಿ ಸೀಮೆಯ ಮಾಗಡಿ. ಆ ಊರಿನ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತಿದ್ದವು. ನಿಮ್ಮ ದಿನಗಳಲ್ಲಿ ಸಾವಿರಗಟ್ಟಲೆ ಬರುತ್ತವೆ, ನನಗೆ ಗೊತ್ತು. ಅತ್ತೆ ಹುಟ್ಟುವ ಹೊತ್ತಿಗೆ ಬೆರಳೆಣಿಕೆಗೆ ಇಳಿದಿದ್ದವು. ಅವಳು ಐದಾರು ವರ್ಷದವಳಿದ್ದಾಗ ಅವಳ ಅಪ್ಪ, ನನ್ನ ಅಜ್ಜ, ಹೆಗಲ ಮೇಲೆ ಕೂರಿಸಿಕೊಂಡು ಏರಿಯ ಮೇಲಿಂದ ತೋರಿಸಿದ್ದ. ಬೂದು ಬಣ್ಣದ ಮೈ, ಬೆಳ್ಳನೆಯ ತಲೆ, ಹಿಂದಲೆಗೆ ಅಡ್ಡಲಾಗಿ ಎರಡು ಕಪ್ಪು ಗೆರೆ. ಸಂಜೆಯಾದೊಡನೆ ಎದ್ದು ಶೇಂಗಾ ಹೊಲಗಳಿಗೆ ಇಳಿಯುತ್ತಿದ್ದವಂತೆ. ಊರವರು ಓಡಿಸುತ್ತಿರಲಿಲ್ಲವಂತೆ. ಇದನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದಳೆಂದರೆ, ನಾನೇ ಅವಳ ಅಪ್ಪನ ಹೆಗಲ ಮೇಲೆ ಕೂತು ನೋಡಿದಂತೆ ಅನಿಸುತ್ತಿತ್ತು. ಅದಾದ ಎರಡು ವರ್ಷಕ್ಕೆ ಅವು ಬರುವುದನ್ನು ನಿಲ್ಲಿಸಿದವು.

ನಮ್ಮ ಸುತ್ತಿನಲ್ಲಿ ಮಾಗಡಿ ಇರಲಿಲ್ಲ. ಅಲ್ಲಿ ನೋಡುವಂಥದ್ದೇನೂ ಉಳಿದಿರಲಿಲ್ಲ. ಮೊದಲ ದಿನ ಕಪ್ಪತಗುಡ್ಡದ ಬುಡದಲ್ಲಿ ನಡೆದಾಡಿದೆವು. ಅಲ್ಲಿ ಗಾಳಿಗೆ ಇನ್ನೂ ಗಿಡಮೂಲಿಕೆಯ ವಾಸನೆ ಇತ್ತು. ಪದ್ಮಾವತಿ ಒಂದು ಎಲೆಯನ್ನು ಹಿಸುಕಿ ಎಲ್ಲರ ಮೂಗಿಗೂ ಹಿಡಿದರು. ಮರುದಿನ ತುಂಗಭದ್ರೆಯ ಹಿನ್ನೀರು. ಹಿನ್ನೀರಿನ ಅಂಚಿಗೆ ಹಗ್ಗ ಕಟ್ಟಿದ್ದರು. ಸಾಲಿನಲ್ಲಿ ಹೋಗಿ ಒಂದು ಪಾದವನ್ನು ಮಾತ್ರ ನೀರಿಗೆ ಮುಟ್ಟಿಸಿ ಬರಬಹುದಿತ್ತು. ನೇಮಿನಾಥ ಮಾಸ್ತರರು ಬಲಗಾಲನ್ನೋ ಎಡಗಾಲನ್ನೋ ಎಂದು ಯೋಚಿಸುತ್ತ ನಿಂತುಬಿಟ್ಟರು, ಹಿಂದಿನವರು ಗೊಣಗತೊಡಗಿದರು. ಆಮೇಲೆ ದರೋಜಿಯ ಕರಡಿಧಾಮ. ಗೋಪುರದ ಮೇಲೆ ಕೂತು ಎದುರಿನ ಬಂಡೆಗಳನ್ನು ನೋಡಬೇಕು. ಅಲ್ಲಿಯ ಕಾವಲುಗಾರನನ್ನು ಮೌಲಾಸಾಬ ಕೇಳಿದ, ಕರಡಿ ಬರುತ್ತದೆಯೇ ಎಂದು.

"ನಿನ್ನಿ ಬಂದಿತ್ತು ನೋಡ್ರಿ," ಎಂದ ಅವನು.

ಅದನ್ನೇ ಅವನು ಪ್ರತಿದಿನ ಎಲ್ಲರಿಗೂ ಹೇಳುತ್ತಾನೆಂದು ನಮಗೆ ಇಳಿದು ಬರುವಾಗ ಬೇರೆ ಬಂಡಿಯವರಿಂದ ತಿಳಿಯಿತು. ಪದ್ಮಾವತಿಯವರಿಗೆ ಮಾತ್ರ ಒಂದು ಕರಿಯ ಬಂಡೆ ಅಲ್ಲಾಡಿದ ಹಾಗೆ ಕಂಡಿತ್ತು. ನಾವೂ ಹೌದು ಎಂದೆವು. ಹೌದು ಎನ್ನುತ್ತ ಎನ್ನುತ್ತ ನನಗೂ ಅದು ಅಲ್ಲಾಡಿದ್ದು ನೆನಪಾಗತೊಡಗಿತು. ನಮ್ಮ ಸುತ್ತುಗಳೆಂದರೆ ಬಹುಮಟ್ಟಿಗೆ ಇಂಥವು.

ಆ ಬೇರೆ ಬಂಡಿಯವರೇ ಸುದ್ದಿ ಹೇಳಿದ್ದು. ಹಿಂಗಾರಿನಲ್ಲಿ ಸುರಿದ ದೊಡ್ಡ ಮಳೆಗೆ ಮಾಗಡಿ ಕೆರೆಯಲ್ಲಿ ನೀರು ನಿಂತಿದೆ, ನಿನ್ನೆ ಸಂಜೆ ಒಂದು ಸಣ್ಣ ಹಿಂಡು ಬಂದು ಇಳಿದಿದೆ, ಪಟ್ಟೆತಲೆಯವೇ, ಯಾರೋ ಕಣ್ಣಾರೆ ಕಂಡಿದ್ದಾರೆ. ಅತ್ತೆ ಬಂಡಿ ಹತ್ತಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಮೌಲಾಸಾಬನನ್ನು ಕೇಳಿದಳು.

"ನಾಳೆ ಗದಗಿನ ದಾರಿ ಬಿಟ್ಟು ಶಿರಹಟ್ಟಿ ಕಡೆ ಹೋಗಾಕ ಆಗ್ತೈತೇನಪಾ?"

"ಆಗದ ಏನ್ರಿ ಅತ್ತಿ. ನಸುಕಿನ್ಯಾಗ ಬಿಟ್ರ ಸಂಜಿ ಮುಂದ ಏರಿ ಬುಡಕ್ಕ ಇರ್ತೀವಿ."

ದಾರಿಯುದ್ದಕ್ಕೂ ಅತ್ತೆ ಹುಡುಗಿಯಂತಿದ್ದಳು. ಕೆರೆಯ ಯಾವ ಮಗ್ಗುಲಿನಲ್ಲಿ ಹುಣಸೆಮರವಿತ್ತು, ಯಾವ ಕಡೆ ಎಮ್ಮೆ ಮೈ ತೊಳೆಯುತ್ತಿದ್ದರು ಎಂದೆಲ್ಲ ಹೇಳಿದಳು. ಆದರೆ ಸುದ್ದಿ ನಮಗಷ್ಟೇ ತಿಳಿದದ್ದಲ್ಲ. ತಂಪುವಾರದಲ್ಲಿ ದಾರಿಗೆ ಬಿದ್ದ ಎಲ್ಲ ಬಂಡಿಗಳಿಗೂ ಅದು ಮುಟ್ಟಿತ್ತು. ಮುಂಡರಗಿ ದಾಟುವಾಗ ನಮ್ಮ ಹಿಂದೆ ಒಂದು ಸಾಲೇ ಕಾಣುತ್ತಿತ್ತು. ಮೌಲಾಸಾಬನಿಗೆ ಹೊಲಗಳ ನಡುವಿನ ಹಳೆಯ ದಾರಿ ಗೊತ್ತಿತ್ತು, ಅದರಲ್ಲಿ ನುಗ್ಗಿಸಿಕೊಂಡು ಬಂದು ಎಲ್ಲರಿಗಿಂತ ಮೊದಲು ನಮ್ಮನ್ನು ತಲುಪಿಸಿದ. ಅಲ್ಲಿ ತುಂಬಿ ಹರಿಯುವ ಹಳ್ಳಕ್ಕೆ ಒಂದು ಕಿರುಸೇತುವೆ, ಒಂದೇ ಬಂಡಿ ದಾಟುವಷ್ಟು ಅಗಲ. ಅದರಾಚೆ ದಾರಿ ಏರಿಯ ಮೇಲಕ್ಕೆ ಹತ್ತುತ್ತದೆ. ಏರಿ ಅಡ್ಡವಿದ್ದುದರಿಂದ ನೀರು ಕಾಣುತ್ತಿರಲಿಲ್ಲ. ಮೌಲಾಸಾಬ ಬಂಡಿ ನಿಲ್ಲಿಸಿದಾಗ ಆ ಸದ್ದು ಕೇಳಿಸಿತು. ಮೂಗಿನಿಂದ ಬಂದಂಥ, ಒಂದರ ಮೇಲೊಂದು ಹಾಯುವ ಕೂಗು. ನಾನು ಅತ್ತೆಯ ಕಡೆ ನೋಡಿದೆ. ಅವಳು ಒಂದು ಕಾಲನ್ನು ಕೆಳಗಿಟ್ಟು, ಒಂದು ಕಾಲನ್ನು ಬಂಡಿಯಲ್ಲೇ ಉಳಿಸಿ, ಬಾಗಿಲು ಹಿಡಿದು ನಿಂತಿದ್ದಳು.

"ಅವ ಹಕ್ಕಿ," ಎಂದಳು.

ಹಿಂದೆ ದೂಳು ಏಳುತ್ತಿತ್ತು. ಬಂಡಿಗಳ ಸಾಲು ಹತ್ತಿರವಾಗುತ್ತಿತ್ತು. ಹಿಂದಿನ ವರ್ಷ ಹಾವೇರಿ ಕಡೆಯ ಕೆರೆಯೊಂದಕ್ಕೆ ಕೊಕ್ಕರೆ ಬಂದಾಗ ಏನಾಯಿತೆಂದು ನಮಗೆಲ್ಲ ಗೊತ್ತಿತ್ತು. ಜನ ನೀರಿನ ತನಕ ನುಗ್ಗಿದ್ದರು. ಹಕ್ಕಿಗಳು ಎದ್ದುಹೋದವು, ಮತ್ತೆ ಬರಲಿಲ್ಲ. ಅತ್ತೆ ಆ ದೂಳನ್ನೇ ಸ್ವಲ್ಪ ಹೊತ್ತು ನೋಡಿದಳು.

"ಮೌಲಾಸಾಬ, ಬಂಡಿ ಸೇತುವಿ ಮ್ಯಾಲೆ ಅಡ್ಡ ಹಚ್ಚು," ಎಂದಳು.

ನೇಮಿನಾಥ ಮಾಸ್ತರರು ಗಾಬರಿಯಾದರು. "ಹಚ್ಚೋಣಂತ್ರಿ. ಮೊದ್ಲ ನೀವೊಬ್ರು ಏರಿ ಹತ್ತಿ ನೋಡಿ ಬರ್ರಿ. ಇದಕ್ಕಂತನ ಬಂದೀವಿ."

"ನಾ ಕಣ್ತುಂಬ ನೋಡಿ ಬಂದು, ಉಳದವ್ರಿಗೆ ಬ್ಯಾಡ ಅನ್ನಾಕ ನನಗ ಯಾವ ಬಾಯಿ ಐತ್ರಿ ಮಾಸ್ತರ?"

ಮೌಲಾಸಾಬ ಬಂಡಿಯನ್ನು ಅಡ್ಡ ನಿಲ್ಲಿಸಿದ. ಜನ ಬಂದರು, ಇಳಿದರು, ಮೊದಲು ಕೆಟ್ಟು ನಿಂತಿದೆಯೆಂದು ತಳ್ಳಲು ಮುಂದಾದರು. ವಿಷಯ ತಿಳಿದ ಮೇಲೆ ಸಿಟ್ಟಾದರು. ಮಾಸ್ತರರು ಪಾಠ ಹೇಳುವ ದನಿಯಲ್ಲಿ ವಿವರಿಸಿದರು. ಕೆಲವರು ಕೇಳಿದರು, ಕೆಲವರು ನಕ್ಕರು. ಕೊಪ್ಪಳದ ಕಡೆಯ ಒಬ್ಬಾತ, ಗುರುಪಾದ ಎಂದು ಅವನ ಹೆಸರು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅತ್ತೆಯ ಎದುರು ಬಂದು ನಿಂತ. ಅವನು ಜಗಳದ ಮನುಷ್ಯನಲ್ಲ.

"ಅವ್ವಾ, ಎಲ್ರನೂ ಬಿಡಬ್ಯಾಡ. ಇಕೀನ್ನ ಒಬ್ಬಾಕಿನ್ನ ಬಿಡು. ನಾನೂ ಬರಂಗಿಲ್ಲ, ನೀನ ಕೈ ಹಿಡ್ಕೊಂಡು ಹೋಗು. ಇನ್ನ ಆರು ವರ್ಷದ ಕೂಸು. ಜೀವಮಾನದಾಗ ಒಂದ ಸಲ ನೋಡ್ಲಿ."

ಬಿಂದು ಎಂಬ ಆ ಹುಡುಗಿ ಅಪ್ಪನ ತಲೆ ಹಿಡಿದುಕೊಂಡು ಅತ್ತೆಯನ್ನೇ ನೋಡುತ್ತಿತ್ತು. ಅತ್ತೆ ಒಪ್ಪಿಬಿಡುತ್ತಾಳೆ ಎಂದುಕೊಂಡೆ. ಒಪ್ಪಲಿ ಎಂದೂ ಬಯಸಿದೆ. ಅವಳು ಕೈ ಚಾಚಿ ಆ ಮಗುವಿನ ಪಾದವನ್ನು ಹಿಡಿದುಕೊಂಡಳು.

"ಇಕೀನ್ನ ಬಿಟ್ರ ಹಿಂದಿನ ಬಂಡ್ಯಾಗಿನ ಕೂಸಿಗೆ ಏನಂತ ಹೇಳ್ಲೆಪಾ? ಬರೂ ವರ್ಷನೂ ಅವು ಬಂದ್ರ, ಇಕಿ ನನ್ನಷ್ಟ ಮುದುಕಿ ಆಗೂ ತನಕ ನೋಡಬಹುದು. ಇವತ್ತೊಂದ ದಿನ ಕೇಳ್ಕೊಂಡು ಹೋಗ್ರಿ."

ಮಗು ಅಳತೊಡಗಿತು. ಆದರೆ ಅಚ್ಚರಿಯೆಂದರೆ, ಗುರುಪಾದ ಅಲ್ಲೇ ನೆಲದ ಮೇಲೆ ಕೂತ. ಅವನನ್ನು ನೋಡಿ ಅವನ ಬಂಡಿಯವರು ಕೂತರು. ಬೈಗುಳ ಮೆಲ್ಲಗೆ ತಗ್ಗಿತು. ಏರಿಯ ಆಚೆಯಿಂದ ಆ ಕೂಗು ಬರುತ್ತಲೇ ಇತ್ತು, ಈಗ ಅದನ್ನು ಎಲ್ಲರೂ ಕೇಳುತ್ತಿದ್ದರು. ಪದ್ಮಾವತಿ ತಮ್ಮ ಬುತ್ತಿಯ ರೊಟ್ಟಿಯನ್ನು ಮುರಿದು ಅಕ್ಕಪಕ್ಕದವರಿಗೆ ಹಂಚಿದರು. ಬಿಂದುವೂ ಅಳು ನಿಲ್ಲಿಸಿ ಒಂದು ಚೂರು ತಿಂದಿತು. ಸಂಜೆಯ ಬೆಳಕಿನಲ್ಲಿ ಅಷ್ಟೊಂದು ಜನ ಕಾಣದ ಹಕ್ಕಿಗಳ ಕಡೆ ಮುಖ ಮಾಡಿ ಕೂತಿದ್ದರು. ಅತ್ತೆ ಸೇತುವೆಯ ಕಟ್ಟೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಆ ಸ್ವಲ್ಪ ಹೊತ್ತು ನಾವು ಗೆದ್ದೆವೆಂದೇ ನಾನು ನಂಬಿದ್ದೆ.

ಹಾರುಗಣ್ಣು ಎಂದರೆ ಅಂಗೈಯಷ್ಟು ದೊಡ್ಡದಾದ, ಹಾರುತ್ತಲೇ ಚಿತ್ರ ತೆಗೆಯುವ ಯಂತ್ರ. ನಿಮ್ಮ ಕಾಲದಲ್ಲೂ ಅದರ ಹಿರಿಯಣ್ಣಂದಿರಿದ್ದಾರೆ. ಸಾಲಿನ ತುದಿಯ ಬಂಡಿಯವರು, ನಾವು ಆಡಿದ್ದೇನೂ ಕೇಳಿಸದಷ್ಟು ಹಿಂದೆ ಇದ್ದವರು, ಒಂದನ್ನು ಹಾರಿಬಿಟ್ಟರು. ಅದು ಜೇನ್ನೊಣದಂತೆ ಗುಂಯ್‌ಗುಡುತ್ತ ನಮ್ಮ ತಲೆಯ ಮೇಲಿಂದ ಹೋಗಿ ಏರಿಯನ್ನು ದಾಟಿತು. ಮೌಲಾಸಾಬ ಕಲ್ಲು ಎತ್ತಿಕೊಂಡು ಓಡಿದ. ಅಷ್ಟರಲ್ಲಿ ಆಚೆ ನೀರು ಬಡಿದ ಸದ್ದಾಯಿತು.

ಅವು ಏರಿಯ ಮೇಲಿಂದ ಎದ್ದು ಬಂದವು. ತೀರಾ ತಗ್ಗಿನಲ್ಲಿ, ನೇರ ನಮ್ಮ ಮೇಲೆ. ಹೊಟ್ಟೆಯ ಬೂದು, ಕಾಲಿನ ಹಳದಿ, ತಲೆಯ ಕಪ್ಪು ಗೆರೆ, ಎಲ್ಲ ಕಂಡಿತು. ರೆಕ್ಕೆಯ ಗಾಳಿ ಮುಖಕ್ಕೆ ತಾಗಿತೆಂದು ಪದ್ಮಾವತಿ ಆಮೇಲೆ ಹೇಳಿದರು. ಬಿಂದು ಅಪ್ಪನ ಹೆಗಲ ಮೇಲೆ ಎದ್ದು ನಿಂತಂತೆ ಚಿಮ್ಮಿ ಚಪ್ಪಾಳೆ ತಟ್ಟಿತು. ಜನ ಕೇಕೆ ಹಾಕಿದರು. ನಾನೂ ನೋಡಿದೆ. ನನ್ನ ಬದುಕಿನಲ್ಲಿ ಕಂಡ ಅತಿ ಚೆಲುವಾದ ನೋಟ ಅದು, ಸುಳ್ಳು ಹೇಳಲಾರೆ. ಹಿಂಡು ಒಮ್ಮೆ ಬಡಗಣ ದಿಕ್ಕಿಗೆ ತಿರುಗಿ, ಸಾಲು ಕಟ್ಟಿಕೊಂಡು, ಸಣ್ಣದಾಗುತ್ತ ಹೋಯಿತು. ಆಗ ನಾನು ಅತ್ತೆಯನ್ನು ನೋಡಿದೆ. ಅವಳು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ಅಲ್ಲಿದ್ದ ಅಷ್ಟು ಜನರಲ್ಲಿ ತಲೆ ಎತ್ತದವಳು ಅವಳೊಬ್ಬಳೇ.

"ಅತ್ತಿ, ನೋಡ್ಬೇ, ಇನ್ನೂ ಕಾಣಾಕತ್ತಾವ," ಎಂದು ನಾನು ಅವಳ ಕೈ ಸರಿಸಲು ಹೋದೆ.

"ಬ್ಯಾಡ ಚನ್ನಿ," ಎಂದಳು. "ಹ್ವಾದವನ್ನ ಏನು ನೋಡೂದು."

ಮೌಲಾಸಾಬ ಸೇತುವೆಯಿಂದ ಬಂಡಿ ತೆಗೆದ. ಜನ ಏರಿ ಹತ್ತಿ ಬರಿಯ ನೀರನ್ನು ನೋಡಿ ಇಳಿದು ಬಂದರು. ಹಾರುಗಣ್ಣು ಬಿಟ್ಟವರು ಕಾಲೇಜಿಗೆ ಹೋಗುವ ವಯಸ್ಸಿನವರು. ನಡೆದದ್ದು ತಿಳಿದ ಮೇಲೆ ಅವರಲ್ಲೊಬ್ಬಳು ಅತ್ತೆಯ ಹತ್ತಿರ ಬಂದು ಕೈಮುಗಿದಳು. ಅತ್ತೆ ಅವಳ ತಲೆ ಮುಟ್ಟಿದಳು. ಮುಂದಿನ ಚಳಿಗಾಲ ಅತ್ತೆ ಮಾಗಡಿಯಲ್ಲಿರುವ ದೂರದ ನೆಂಟರಿಗೆ ಹೇಳಿಕಳಿಸಿ ಕೇಳಿದಳು. ಅದರ ಮುಂದಿನ ವರ್ಷವೂ ಕೇಳಿದಳು. ಮೂರನೆಯ ಚಳಿಗಾಲಕ್ಕೆ ಅವಳು ಇರಲಿಲ್ಲ, ಕೆರೆಯಲ್ಲಿ ನೀರೂ ಇರಲಿಲ್ಲ. ಬಂಡಿ ಅಡ್ಡ ಹಚ್ಚದಿದ್ದರೆ ಅತ್ತೆಯಾದರೂ ನೆಮ್ಮದಿಯಿಂದ ನೋಡಬಹುದಿತ್ತಲ್ಲ ಎಂದು ಮಾಸ್ತರರು ಕೊನೆಯವರೆಗೂ ಕೊರಗುತ್ತಿದ್ದರು. ನನಗೆ ಹಾಗೂ ಅನಿಸುತ್ತದೆ, ಅನಿಸದೆಯೂ ಇರುತ್ತದೆ.

ಹೋದ ತಿಂಗಳು ಕೊಪ್ಪಳದಲ್ಲಿ ನೂಲಿನ ಕೆಲಸಕ್ಕೆ ಹೋಗಿದ್ದಾಗ ಬಿಂದು ಸಿಕ್ಕಿದಳು. ಈಗ ಅವಳ ಕೂದಲೂ ಅಲ್ಲಲ್ಲಿ ನರೆತಿದೆ. ಗುರುಪಾದನ ಮಗಳೆಂದು ಅಲ್ಲಿಯವರು ಹೇಳಿದ್ದರಿಂದ ನಾನು ಗುರುತಿಸಿದೆ, ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಮಾತಿನ ನಡುವೆ ತಾನಾಗಿಯೇ ಹೇಳಿದಳು: "ನಾ ಸಣ್ಣಾಕಿದ್ದಾಗ ಹೆಬ್ಬಾತು ನೋಡೇನ್ರಿ. ನಮ್ಮ ತಲಿ ಮ್ಯಾಲಿಂದ ಹ್ವಾದ್ವು. ಅಷ್ಟು ಖುಷಿ ನನಗ ಮತ್ತ ಎಂದೂ ಆಗಿಲ್ಲ." ಮಕ್ಕಳಿಗೆ ಅದನ್ನೇ ಕತೆ ಮಾಡಿ ಹೇಳುತ್ತಾಳಂತೆ. ಅವು ಏಕೆ ಎದ್ದವೆಂಬುದು ಅವಳ ಕತೆಯಲ್ಲಿಲ್ಲ. ನಾನೂ ಹೇಳಲಿಲ್ಲ. ಅವಳು ಕೊಟ್ಟ ಮಜ್ಜಿಗೆ ಕುಡಿದು ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಈ ಕಾಗದ.

ನಮ್ಮ ಕಾಲದವರು ನಿಮಗೆ ಬರೆಯುವಾಗ ಭೂಮಿಯನ್ನು ಉಳಿಸಿ ಎಂದು ಬರೆಯುತ್ತಾರೆ. ಅದು ದೊಡ್ಡ ಮಾತು, ನಿಮ್ಮಲ್ಲಿ ಒಬ್ಬೊಬ್ಬರಿಗೆ ಹೊರಲಾಗದ ಮಾತು. ನಾನು ಕೇಳುವುದು ಸಣ್ಣದು. ಈ ಚಳಿಗಾಲ ನೀವು ಗೆಳೆಯರೊಂದಿಗೆ ಯಾವುದೋ ಕೆರೆಗೆ ಹೊರಟಿದ್ದೀರಿ. ಹೋಗಿ, ಖಂಡಿತ ಹೋಗಿ. ನಗುತ್ತ, ಹಾಡುತ್ತ ಹೋಗಿ. ಕೆರೆ ಇನ್ನೂ ದೂರವಿರುವಾಗ ಬಂಡಿ ನಿಲ್ಲಿಸಿ, ಉಳಿದದ್ದನ್ನು ನಡೆಯಿರಿ. ಯಾವುದಾದರೂ ಒಂದು ಹಕ್ಕಿ ಕತ್ತೆತ್ತಿ ನಿಮ್ಮ ಕಡೆ ತಿರುಗಿದರೆ ಇಟ್ಟ ಹೆಜ್ಜೆಯಲ್ಲೇ ನಿಲ್ಲಿ. ಅದು ಮತ್ತೆ ತಲೆ ತಗ್ಗಿಸಿ ಮೇಯತೊಡಗುವವರೆಗೆ ಕಾಯಿರಿ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ನಿಮ್ಮ ಹತ್ತಿರ ಆ ಹೊತ್ತು ಇದೆ.

ಚನ್ನಗಂಗಾ