ಬೆಲ್ಲದ ತಪ್ಪಲ್ಲ, ಅಪ್ಪಯ್ಯ

ಅಪ್ಪಯ್ಯಾ,

ನಾವು ಗೆದ್ದೆವು! ನೀನು ಹೋಗಿ ಹನ್ನೊಂದು ವರ್ಷ. ಈ ಕಾಗದ ಹಾಕಲು ವಿಳಾಸವಿಲ್ಲ. ಆದರೂ ಹೇಳದೆ ಇರಲಾರೆ. ನಾನು ಒಂಬತ್ತು ವರ್ಷ ಚುಚ್ಚಿಕೊಂಡ ಇನ್ಸುಲಿನ್ ನಿಂತು ಇವತ್ತಿಗೆ ಒಂದು ತಿಂಗಳು. ದಿನಕ್ಕೆ ಅರ್ಧ ಮಾತ್ರೆ ಸಾಕು. ಬೆಳಿಗ್ಗೆ ಸಕ್ಕರೆ ನೂರಾ ಎಂಟು!

ಸಾಗರದ ಹೊಸ ಡಾಕ್ಟರಮ್ಮ ನನ್ನ ಸಣಕಲು ಮೈ ನೋಡಿ, "ಮನೇಲಿ ಇನ್ಯಾರಿಗೆ ಸಕ್ಕರೆ ಕಾಯಿಲೆ ಇತ್ತು?" ಎಂದರು.

"ಅಜ್ಜನಿಗೆ, ಅಪ್ಪಯ್ಯನಿಗೆ. ಇಬ್ರೂ ನನ್ ಹಾಗೇ ಸಣಕಲು. ಇಬ್ರಿಗೂ ಸಣ್ಣ ವಯಸ್ಸಲ್ಲೇ ಬಂದಿತ್ತು."

ಅವರು ನನ್ನ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ನಕ್ಕುಬಿಟ್ಟರು. "ಸಕ್ಕರೆ ಕಾಯಿಲೆ ಎಲ್ಲರದ್ದೂ ಒಂದೇ ಅಲ್ಲ ಕಣಮ್ಮ. ನಿಮ್ಮದು ವಂಶದಲ್ಲಿ ಬರೋ ಬೇರೆ ನಮೂನೆ. ಮಾತ್ರೆಗೇ ಬಗ್ಗುತ್ತೆ. ತಿಂದು ಬಂದಿದ್ದಲ್ಲ."

ಆ ಕೊನೆಯ ಮಾತನ್ನು ಎರಡು ಸಲ ಹೇಳಿಸಿಕೊಂಡೆ. ಬರೆದುಕೊಳ್ಳಲು ನಿನ್ನ ಹೆಸರು ಕೇಳಿದಾಗ "ಜಟ್ಟಪ್ಪ" ಎಂದು ಹೊರಗೆ ಕೂತವರಿಗೂ ಕೇಳುವಂತೆ ಹೇಳಿದೆ.

ಬಂದವರಿಗೆಲ್ಲ ಬೆಲ್ಲ ನೀರು ಕೊಡುವ ಮನೆಯಲ್ಲಿ ನಿನಗೆ ಮಾತ್ರ ಬರೀ ನೀರು ಕೊಟ್ಟವಳು ನಾನು. ನಿನ್ನ ಸಕ್ಕರೆ ಏರಿದಾಗಲೆಲ್ಲ ಅಂಗಿ ಜೇಬಿಗೆ ಕೈ ಹಾಕಿ ಬೆಲ್ಲ ಹುಡುಕುತ್ತಿದ್ದೆ. ನೀನು ಸುಮ್ಮನೆ ತೋಳೆತ್ತಿ ನಿಂತಿರುತ್ತಿದ್ದೆ.

ಒಂದು ಸಲವೂ ಸಿಕ್ಕಿರಲಿಲ್ಲ.

ಸುಚಿತ್ರಾ