ನೀಲಿ ದಿಂಬು

ನಮ್ಮ ಮನೆ, ಮುಂದಿನ ಕೋಣೆ
ಮಾರ್ಚ್ ೧೭, ಭಾನುವಾರ

ಪ್ರೀತಿಯ ಮನೆಯೊಡತಿಗೆ,

ನಿನ್ನ ಅಕ್ಕನವರ ಕಾಲಿನ ಕಟ್ಟು ಬಿಚ್ಚಿದರೇ? ನಿನ್ನ ಆರೋಗ್ಯ ವಿಚಾರಿಸಿದರೆ ‘ಚೆನ್ನಾಗಿದ್ದೀನಿ’ ಎಂದಷ್ಟೇ ಬರೆಯುತ್ತೀಯೆ. ಅದು ಉತ್ತರವಲ್ಲ, ಹಾಜರಿ. ಈ ಸಲ ವಿವರವಾಗಿ ಬರೆ. ನಾನೂ ಒಂದು ಸಂಗತಿಯನ್ನು ನಿನಗೆ ತಿಳಿಸಬೇಕೋ ಮುಚ್ಚಿಡಬೇಕೋ ಎಂದು ಎರಡು ವಾರಗಳಿಂದ ತೂಗಿ ನೋಡಿ, ಮುಚ್ಚಿಡುವುದೆಂದೇ ನಿರ್ಧರಿಸಿದ್ದೆ. ನಿನ್ನೆ ನೋಡಿದ ಚಲನಚಿತ್ರ ಆ ನಿರ್ಧಾರವನ್ನು ಕೆಡಿಸಿತು.

ಗ್ರಂಥಾಲಯದ ಸಭಾಂಗಣದಲ್ಲಿ, ಯಾರೂ ಹೆಸರು ಕೇಳಿರದ ಹಳೆಯ ಕಪ್ಪು-ಬಿಳುಪು ಹಾಸ್ಯಚಿತ್ರ. ಮೊದಲ ಸಾಲಿನಲ್ಲೇ ಕುಳಿತೆ. ಕೆಲಸ ಕಳೆದುಕೊಂಡ ಗುಮಾಸ್ತನೊಬ್ಬ ಹೆಂಡತಿಗೆ ಹೇಳದೆ ದಿನವೂ ಊಟದ ಡಬ್ಬಿ ಹಿಡಿದು ‘ಕಚೇರಿ’ಗೆ ಹೊರಟು, ಉದ್ಯಾನದಲ್ಲಿ ಹೊತ್ತು ಕಳೆಯುತ್ತಾನೆ. ಎಲ್ಲವನ್ನೂ ಬಲ್ಲ ಹೆಂಡತಿ ತುಟಿ ಬಿಚ್ಚುವುದಿಲ್ಲ. ಒಂದು ದಿನ ಮಾತ್ರ, ‘ಕಚೇರಿ ಒಳಗೆ ಬಿಸಿಲು ಜಾಸ್ತಿ ಅಲ್ವಾ, ತಗೊಳ್ಳಿ’ ಎಂದು ಕೊಡೆಯನ್ನು ಕೈಗಿಡುತ್ತಾಳೆ. ಸಭಾಂಗಣವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಅಂಕ ತಿದ್ದಲು ಒಪ್ಪದ್ದಕ್ಕೆ ಶಾಲೆಯಿಂದ ನನ್ನನ್ನು ಬಿಡಿಸಿದ ವರ್ಷ, ನಾನೂ ಎರಡು ತಿಂಗಳು ಹಾಗೆಯೇ ಹೊರಟು ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆ. ಒಂದು ಬೆಳಿಗ್ಗೆ ನೀನು ನೀಲಿ ದಿಂಬನ್ನು ನನ್ನ ಚೀಲಕ್ಕೆ ತುರುಕಿ, ‘ಶಾಲೆ ಕುರ್ಚಿ ಕಲ್ಲಿನ ಹಾಗಿದೆ ಅಂತೀರಲ್ಲ, ಇಟ್ಕೊಳ್ಳಿ ಮೇಷ್ಟ್ರೇ’ ಎಂದೆ. ನಾನು ಹಾಗೆಂದು ಎಂದೂ ಹೇಳಿರಲಿಲ್ಲ. ನೀನು ನನ್ನನ್ನು ನಿಲ್ದಾಣದಲ್ಲಿ ಕಂಡಿದ್ದೆ ಎಂಬುದು ನಿನ್ನೆಯಷ್ಟೇ ಹೊಳೆಯಿತು. ಹೊಸ ಶಾಲೆ ಸಿಕ್ಕಿದಾಗ ನಾನು ‘ವರ್ಗ ಆಯ್ತು’ ಎಂದೆ. ‘ಅಲ್ಲಾದ್ರೂ ಕುರ್ಚಿ ಮೆತ್ತಗಿರಲಿ’ ಎಂದೆ ನೀನು. ನಿನ್ನನ್ನು ಚೆನ್ನಾಗಿ ನಂಬಿಸಿದೆನೆಂದು ಮೂವತ್ತೆಂಟು ವರ್ಷ ಒಳಗೊಳಗೇ ಬೀಗಿದವನು ನಾನು. ಆ ಎರಡು ತಿಂಗಳು ಪ್ರತಿ ಸಂಜೆ ತಲೆಯೆತ್ತಿ ಮನೆಗೆ ಬರಲು ಬಿಟ್ಟವಳಿಗೆ ಏನೆಂದು ಕೃತಜ್ಞತೆ ಹೇಳಲಿ? ನಿಘಂಟನ್ನೇ ಅರೆದು ಕುಡಿದವನೆಂದು ನೀನು ಹಂಗಿಸುವ ನನಗೂ ಪದ ಸಿಗುತ್ತಿಲ್ಲ.

ಚಿತ್ರದ ಕೊನೆಯ ಸುರುಳಿ ಕಳೆದುಹೋಗಿದೆಯಂತೆ. ಆ ಗಂಡ ನಿಜ ಹೇಳಿದನೋ ಇಲ್ಲವೋ, ಯಾರಿಗೂ ತಿಳಿಯದು.

ಅಕ್ಕನವರಿಗೆ ನಮಸ್ಕಾರ. ಮೆಟ್ಟಿಲು ಇಳಿಯುವಾಗ ಅವರ ಕೈ ಹಿಡಿದಿರು; ನಿನ್ನ ಹೆಜ್ಜೆಯ ಮೇಲೂ ಗಮನವಿರಲಿ.

ಇತಿ, ನಿನ್ನ
ಮೇಷ್ಟ್ರು

ಮರೆತ ಮಾತಲ್ಲ, ಮುಂದೂಡಿದ ಮಾತು: ಸಾಲುಗಳು ಓರೆಯಾಗಿರುವುದು ಅವಸರದಿಂದಲ್ಲ. ಕಣ್ಣಿಗೆ ಪೊರೆ ಬಂದಿದೆ. ಇಪ್ಪತ್ತೊಂಬತ್ತರಂದು ಬಲಗಣ್ಣಿನ ಶಸ್ತ್ರಚಿಕಿತ್ಸೆ. ನಿನಗೆ ತಿಳಿಸದೆ ಮುಗಿಸಿಬಿಡೋಣವೆಂದಿದ್ದೆ. ಭಯವಾಗುತ್ತಿದೆ. ಅಕ್ಕನವರು ಕೋಲು ಹಿಡಿದು ನಡೆಯುವಂತಾಗಿದ್ದರೆ ಹಿಂದಿನ ದಿನವೇ ಬಾ. ಆಸ್ಪತ್ರೆಯ ಬೆಂಚೂ ಕಲ್ಲಿನದೇ. ಹೊರಗೆ ಕಾಯುವವಳು ನೀನು. ನೀಲಿ ದಿಂಬನ್ನು ಈ ಸಲ ನಾನೇ ಚೀಲಕ್ಕೆ ಹಾಕಿಟ್ಟಿದ್ದೇನೆ.